ಬಯಾಲಜಿಕ್ ನಡುವೆ ಕೀವು ಕಟ್ಟಿದಾಗ: ನಾನು ನಿಭಾಯಿಸುವ ಬಗೆ

ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆಗೆ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಅಡಾಲಿಮ್ಯಾಬ್ (ದೇಹದ ಪ್ರತಿರೋಧವನ್ನು ತಗ್ಗಿಸುವ 'ಬಯಾಲಜಿಕ್' ಇಂಜೆಕ್ಷನ್‌ಗಳು) ಪಡೆಯುತ್ತಿರುವವರ ಹೊಟ್ಟೆಯೊಳಗೋ ಗುದದ್ವಾರದ ಬದಿಯಲ್ಲೋ ಕೀವು ಕಟ್ಟಿತೆಂದರೆ, ಬೆಂಗಳೂರಿನ ನಮ್ಮ ಓಪಿಡಿಯಲ್ಲಿ ಮನೆಯವರು ಮೊದಲು ಕೇಳುವುದು, "ಆ ಇಂಜೆಕ್ಷನ್‌ನಿಂದಲೇ ಹೀಗಾಯ್ತಲ್ವಾ ಡಾಕ್ಟ್ರೇ, ಇನ್ನು ಅದು ಬೇಡ ಅಲ್ವಾ?" ಎಂದು. ಈಗ ತಡೆಹಿಡಿಯೋಣ, ಆದರೆ ಕೈಬಿಡುವುದು ಬೇಡ ಎನ್ನುತ್ತೇನೆ. ಕೀವಿರುವಾಗ ಈ ಔಷಧ ಕೊಡುವುದು ಎಷ್ಟು ಅಪಾಯವೋ, ಕೀವು ಹೋದ ಮೇಲೂ ಹೆದರಿ ಕೊಡದೆ ಕೂರುವುದೂ ಅಷ್ಟೇ ಅಪಾಯ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದರ ಮೇಲೆಯೇ ಫಲಿತಾಂಶ ನಿಂತಿದೆ.

ಕ್ರೋನ್ಸ್ ಕರುಳಿನ ಒಳಪೊರೆಗಷ್ಟೇ ನಿಲ್ಲುವ ಕಾಯಿಲೆಯಲ್ಲ, ಗೋಡೆಯ ಪೂರ್ತಿ ದಪ್ಪಕ್ಕೂ ಹಬ್ಬುತ್ತದೆ. ಆಳವಾದ ಹುಣ್ಣು ಗೋಡೆ ದಾಟಿ ಆಚೆ ಸುರಂಗ ಕೊರೆಯುತ್ತದೆ, ಆ ಸುರಂಗದ ಕೊನೆಯಲ್ಲಿ ಕೀವು ನಿಲ್ಲುತ್ತದೆ. ಕರುಳು ಒಂದು ಕಡೆ ಕಿರಿದಾಗಿದ್ದರೆ ಅದರ ಹಿಂದಿನ ಭಾಗದಲ್ಲಿ ಒತ್ತಡ ಹೆಚ್ಚಿ, ಸುರಂಗ ಹುಟ್ಟುವುದು ಹೆಚ್ಚಾಗಿ ಅಲ್ಲೇ. ಅಂದರೆ ಕೀವುಗಡ್ಡೆ ಬಹುಪಾಲು ಕಾಯಿಲೆಯ ಕೆಲಸವೇ. ಔಷಧದ ಪಾತ್ರ ಇಲ್ಲವೆಂದಲ್ಲ. ಸೋಂಕು ಎದುರಿಸುವ ಶಕ್ತಿ ಕುಗ್ಗುತ್ತದೆ. ಜೊತೆಗೆ, ಹೊರಗಿನ ಚರ್ಮದ ಬಾಯಿ ಬೇಗ ಮುಚ್ಚಿಕೊಂಡು ಒಳಗಿನ ಹಾದಿ ಹಾಗೇ ತೆರೆದಿದ್ದರೆ ಕೀವಿಗೆ ಹೊರಬರಲು ದಾರಿಯೇ ಇರುವುದಿಲ್ಲ. ಆದ್ದರಿಂದ ಬಯಾಲಜಿಕ್ ಮೇಲಿರುವವರಲ್ಲಿ ಕೀವು ಕಂಡ ದಿನವೇ ಮೂರು ಪ್ರಶ್ನೆಗಳನ್ನು ಕೇಸ್ ಶೀಟಿನ ಮೇಲೆ ಬರೆದಿಡುತ್ತೇನೆ. ಕರುಳು ಎಲ್ಲಾದರೂ ಕಿರಿದಾಗಿದೆಯೇ? ರಕ್ತದಲ್ಲಿ ಔಷಧ ಸಾಲುವಷ್ಟಿತ್ತೇ? ಇದು ಕ್ಷಯವೇ? ಮೂರಕ್ಕೂ ಉತ್ತರ ಸಿಗುವವರೆಗೆ ಚಿಕಿತ್ಸೆ ಅರ್ಧವೇ.

ದೊಡ್ಡಕರುಳಿನ ಒಳಪೊರೆಗಷ್ಟೇ ನಿಲ್ಲುವ ಇನ್ನೊಂದು ಉರಿಯೂತ, ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಹೊಟ್ಟೆಯೊಳಗೆ ಕೀವು ಕಟ್ಟುವುದು ಅಪರೂಪ. ಹಾಗೆ ಕಂಡರೆ ನಾನು ರೋಗನಿರ್ಣಯವನ್ನೇ ಮೊದಲಿನಿಂದ ನೋಡುತ್ತೇನೆ.

ಮೊದಲ ತೊಡಕು ಸಂಶಯ ಪಡುವುದರಲ್ಲೇ ಇದೆ. ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ನುಂಗುತ್ತಿರುವವರಿಗೆ ಜ್ವರ ಏರದೆಯೂ ಇರಬಹುದು. ಮೇಲಿಂದ ಮನೆಯಲ್ಲಿ ಡೋಲೋ 650 ನಡೆಯುತ್ತಿರುತ್ತದೆ. "ಜ್ವರ ಏನಿಲ್ಲ ಸಾರ್, ಸಂಜೆ ಹೊತ್ತು ಸ್ವಲ್ಪ ಚಳಿಚಳಿ ಅಷ್ಟೇ" ಎಂದರೆ ಅದನ್ನು ಜ್ವರವೆಂದೇ ಬರೆದುಕೊಳ್ಳಬೇಕು. ಹೊಟ್ಟೆ ಮುಟ್ಟಿದರೆ ಮೆತ್ತಗೇ ಇರಬಹುದು. ಭೇದಿ ಹೆಚ್ಚದೆ ಸಿಆರ್‌ಪಿ (ರಕ್ತದಲ್ಲಿ ಉರಿಯೂತದ ಅಳತೆ) ಮಾತ್ರ ಏರಿದ್ದರೆ, ಬಿಳಿ ರಕ್ತಕಣ ಏರಿದ್ದರೆ, ಕಾಯಿಲೆ ಕೆರಳಿದೆ ಎಂದು ಸ್ಟೆರಾಯ್ಡ್ ಹೆಚ್ಚಿಸುವ ಮೊದಲು ಸ್ಕ್ಯಾನ್ ಆಗಲೇಬೇಕು. ಒಳಗೆ ಕೀವಿಟ್ಟುಕೊಂಡು ಸ್ಟೆರಾಯ್ಡ್ ಏರಿಸಿದರೆ ಎರಡು ದಿನ ಹಾಯೆನಿಸಿ, ಮೂರನೆಯ ದಿನ ರೋಗಿ ಐಸಿಯು ಸೇರಬಹುದು.

ರೋಗಿ ಒಳಗೆ ನಡೆದು ಬರುವುದನ್ನು ಗಮನಿಸಿ. ಬಲಗಾಲನ್ನು ಸೊಂಟದ ಬಳಿ ಕೊಂಚ ಮಡಿಸಿ, ಮುಂದೆ ಬಾಗಿ ಕುಂಟುತ್ತಾ ಬಂದರೆ ಬೆನ್ನುಮೂಳೆಯಿಂದ ತೊಡೆಗೆ ಇಳಿಯುವ ಸೋಯಸ್ ಸ್ನಾಯುವಿನಲ್ಲಿ ಕೀವಿದೆ ಎಂದೇ ಹಿಡಿಯುತ್ತೇನೆ. ಸಣ್ಣಕರುಳಿನ ಕೊನೆಯ ಭಾಗ ಆ ಸ್ನಾಯುವಿನ ಮೇಲೇ ಮಲಗಿರುತ್ತದೆ. ಎಡ ಮಗ್ಗುಲಿಗೆ ಮಲಗಿಸಿ ಬಲ ತೊಡೆಯನ್ನು ಹಿಂದಕ್ಕೆ ಎಳೆದರೆ ರೋಗಿ ಕೈ ಹಿಡಿದು ತಡೆಯುತ್ತಾರೆ. ಮಂಡಿನೋವು, ಸೊಂಟನೋವು ಎಂದು ಬೇರೆ ಕಡೆ ತೋರಿಸಿ ಡೈಕ್ಲೋಫೆನಾಕ್ ನುಂಗಿ ಬಂದಿರುವುದೂ ಉಂಟು. ಆ ಗುಂಪಿನ ನೋವಿನ ಮಾತ್ರೆ ಕ್ರೋನ್ಸ್ ಇರುವವರಿಗೆ ಆಗಿಬರುವುದಿಲ್ಲ.

ಮೊದಲು ಅಲ್ಟ್ರಾಸೌಂಡ್, ಬೆನ್ನಲ್ಲೇ ಕಾಂಟ್ರಾಸ್ಟ್ ಸಿಟಿ. ಬಾಯಿಯ ಮೂಲಕ ಕಾಂಟ್ರಾಸ್ಟನ್ನು ಸ್ಕ್ಯಾನಿಗೆ ಒಂದರಿಂದ ಒಂದೂವರೆ ಗಂಟೆ ಮೊದಲಿಂದ 1 ಲೀಟರಿನಷ್ಟು ನಿಧಾನವಾಗಿ ಕುಡಿಸಬೇಕು. ಆತುರದಲ್ಲಿ ಇದನ್ನು ಬಿಟ್ಟರೆ ದ್ರವ ತುಂಬಿದ ಕರುಳಿನ ಸುರುಳಿ ಯಾವುದು, ಕೀವಿನ ಗುಳಿ ಯಾವುದು ಎಂದು ಹೇಳಲಾಗುವುದಿಲ್ಲ. ಅಂಚು ಸ್ಪಷ್ಟವಾಗಿ ಹೊಳೆಯುವ, ನಡುವೆ ದ್ರವವಿರುವ ಗುಳಿ ಕೀವುಗಡ್ಡೆ. ಅಂಚಿಲ್ಲದ ಗಟ್ಟಿ ಊತಕ್ಕೆ ಸೂಜಿ ಹಾಕಿದರೆ ಏನೂ ಬರುವುದಿಲ್ಲ, ಅದಕ್ಕೆ ಆಂಟಿಬಯಾಟಿಕ್ ಸಾಕು. ಮುಂದಿನ ಸ್ಕ್ಯಾನ್‌ಗಳಿಗೆ ಸಾಧ್ಯವಾದಷ್ಟೂ ಅಲ್ಟ್ರಾಸೌಂಡ್ ಇಲ್ಲವೇ ಎಂಆರ್‌ಐ ಬಳಸುತ್ತೇನೆ. ಇವರು ಹೆಚ್ಚಾಗಿ ಇಪ್ಪತ್ತು ಮೂವತ್ತರ ಹರೆಯದವರು, ಜೀವಮಾನದಲ್ಲಿ ಬೀಳುವ ವಿಕಿರಣದ ಲೆಕ್ಕ ನಾವೇ ಇಡಬೇಕು.

ಆಂಟಿಬಯಾಟಿಕ್‌ನ ಮೊದಲ ಡೋಸಿಗೆ ಮುಂಚೆ ಎರಡು ಜಾಗದಿಂದ ರಕ್ತದ ಕಲ್ಚರ್ (ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆ) ತೆಗೆಯುತ್ತೇವೆ. ಸೆಫ್ಟ್ರಿಯಾಕ್ಸೋನ್ ಜೊತೆಗೆ ಮೆಟ್ರೊನಿಡಜೋಲ್ ಎಂದು ಪುಸ್ತಕದಲ್ಲಿದ್ದರೂ, ನಮ್ಮ ಊರಿನ ಇ. ಕೋಲೈ ಬ್ಯಾಕ್ಟೀರಿಯಾಗಳಲ್ಲಿ ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದವು ಬಹಳ. ಆಸ್ಪತ್ರೆಗೆ ಪದೇ ಪದೇ ಬಂದು ಹೋಗಿರುವ ರೋಗಿಗೆ ಪಿಪರಾಸಿಲಿನ್-ಟ್ಯಾಜೊಬ್ಯಾಕ್ಟಮ್ 4.5 ಗ್ರಾಂ ದಿನಕ್ಕೆ 3ರಿಂದ 4 ಸಲ ಕೊಟ್ಟು ಶುರುಮಾಡುತ್ತೇನೆ. ರಕ್ತದೊತ್ತಡ ಇಳಿಯುತ್ತಿದ್ದರೆ ಅಥವಾ ಹಿಂದಿನ ಕಲ್ಚರ್‌ನಲ್ಲಿ ಇಎಸ್‌ಬಿಎಲ್ (ಹಲವು ಆಂಟಿಬಯಾಟಿಕ್ ಒಡೆಯುವ ಬ್ಯಾಕ್ಟೀರಿಯಾ) ಬಂದಿದ್ದರೆ ನೇರವಾಗಿ ಮೆರೊಪೆನೆಮ್. ಸುಧಾರಿಸಿದ ಮೇಲೆ, ಕಲ್ಚರ್ ಒಪ್ಪಿದರೆ, ದಿನಕ್ಕೊಮ್ಮೆ 1 ಗ್ರಾಂ ಎರ್ಟಪೆನೆಮ್‌ಗೆ ಇಳಿಸಬಹುದು. ಯಲಹಂಕದವರಾಗಲಿ ಕೋಲಾರದವರಾಗಲಿ ಮನೆ ಹತ್ತಿರದ ನರ್ಸಿಂಗ್ ಹೋಮಿನಲ್ಲೇ ಹಾಕಿಸಿಕೊಳ್ಳುತ್ತಾರೆ, ನಗರದ ಟ್ರಾಫಿಕ್ ದಾಟಿ ದಿನವೂ ಬರಬೇಕಿಲ್ಲ.

ಎಷ್ಟು ದಿನ? ಹೊಟ್ಟೆಯ ಸೋಂಕಿನಲ್ಲಿ ಕೀವು ಸರಿಯಾಗಿ ಹೊರಹೋದರೆ ಸುಮಾರು 4 ದಿನದ ಆಂಟಿಬಯಾಟಿಕ್ ಸಾಕು ಎಂದು 2015ರ ಸ್ಟಾಪ್-ಇಟ್ ಅಧ್ಯಯನ ತೋರಿಸಿತು. ಕ್ರೋನ್ಸ್‌ನಲ್ಲಿ ಮೂಲದ ಸುರಂಗ ಇನ್ನೂ ತೆರೆದಿರುವುದರಿಂದ ನಾನು 7ರಿಂದ 10 ದಿನ ಕೊಡುತ್ತೇನೆ. 3 ಸೆಂ.ಮೀ.ಗಿಂತ ಚಿಕ್ಕದಿದ್ದು ಡ್ರೈನ್ (ಕೀವು ಹೊರಬಿಡುವ ನಳಿಕೆ) ಹಾಕದೆ ಬಿಟ್ಟ ಗಡ್ಡೆಗೆ 2ರಿಂದ 4 ವಾರ ಬೇಕು. ಅಂಥವರಿಗೆ 3 ದಿನಕ್ಕೆ ಸಿಆರ್‌ಪಿ ಇಳಿಯದಿದ್ದರೆ ಕಾಯುವುದಿಲ್ಲ, ಮತ್ತೆ ಸ್ಕ್ಯಾನ್.

3 ಸೆಂ.ಮೀ. ದಾಟಿದ ಗಡ್ಡೆಗೆ ಡ್ರೈನ್ ಬೇಕೇ ಬೇಕು. ಪ್ಲೇಟ್‌ಲೆಟ್ 50,000ಕ್ಕಿಂತ ಮೇಲೆ, ರಕ್ತ ಹೆಪ್ಪುಗಟ್ಟುವ ವೇಗ ತೋರಿಸುವ ಐಎನ್‌ಆರ್ 1.5ರ ಒಳಗೆ ಇರಬೇಕು. ಈ ರೋಗಿಗಳಿಗೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಾದ್ದರಿಂದ ದಿನಕ್ಕೆ 40 ಮಿ.ಗ್ರಾಂ ಎನಾಕ್ಸಪರಿನ್ ಕೊಡುತ್ತಿರುತ್ತೇವೆ. ಡ್ರೈನ್‌ಗೆ 12 ಗಂಟೆ ಮೊದಲು ಅದನ್ನು ತಪ್ಪಿಸಿ, ಮುಗಿದ ಮೇಲೆ ಮರೆಯದೆ ಮತ್ತೆ ಶುರುಮಾಡಬೇಕು. ಕೀವು ಗಟ್ಟಿ ಇರುವುದರಿಂದ 8 ಫ್ರೆಂಚ್ (ನಳಿಕೆಯ ದಪ್ಪದ ಅಳತೆ) ನಳಿಕೆ ಕಟ್ಟಿಕೊಳ್ಳುತ್ತದೆ. ರೇಡಿಯಾಲಜಿಯವರಿಗೆ 10 ಅಥವಾ 12 ಫ್ರೆಂಚಿನ ಪಿಗ್‌ಟೇಲ್ (ತುದಿ ಸುರುಳಿಯಾದ ನಳಿಕೆ) ಹಾಕಿ ಎಂದು ಮೊದಲೇ ಹೇಳಿಡುತ್ತೇನೆ. ಸೊಂಟದ ಆಳದಲ್ಲಿದ್ದರೆ ರೋಗಿಯನ್ನು ಬೋರಲು ಮಲಗಿಸಿ ಪೃಷ್ಠದ ಮೂಲಕ, ತ್ರಿಕಾಸ್ಥಿಯ (ಬೆನ್ನುಮೂಳೆಯ ಬುಡದ ತ್ರಿಕೋನ ಮೂಳೆ) ಅಂಚಿಗೆ ಅಂಟಿಕೊಂಡಂತೆ ಸೂಜಿ ಹೋಗಬೇಕು. ಹೊರಗೆ ಸರಿದರೆ ಸಯಾಟಿಕ್ ನರ, ರಕ್ತನಾಳಗಳು ಸಿಗುತ್ತವೆ. ಕರುಳಿನ ಸುರುಳಿಗಳ ನಡುವೆ ಸಿಕ್ಕಿಕೊಂಡು ದಾರಿಯೇ ಇಲ್ಲದ ಗಡ್ಡೆಗೂ, ಹೊಟ್ಟೆ ಹಲಗೆಯಂತೆ ಬಿಗಿದವರಿಗೂ ಡ್ರೈನಿನ ಮಾತಿಲ್ಲ, ಸರ್ಜನ್ ಕರೆಯಬೇಕು.

ಡ್ರೈನ್ ಹಾಕಿದರೆ ಕೆಲಸ ಮುಗಿಯಿತು ಎಂದುಕೊಳ್ಳುವ ಕಡೆಯೇ ಹೆಚ್ಚು ಎಡವಟ್ಟು. 8 ಗಂಟೆಗೊಮ್ಮೆ 10 ಮಿ.ಲೀ. ಸಲೈನನ್ನು ಮೆಲ್ಲಗೆ ಒಳಗೆ ಬಿಟ್ಟು ತಾನಾಗಿ ಹರಿಯಲು ಬಿಡಬೇಕು. ಒತ್ತಿ ತುಂಬಿದರೆ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿ ನಡುಕ ಬರುತ್ತದೆ. ಆ 30 ಮಿ.ಲೀ.ಯನ್ನು ದಿನದ ಲೆಕ್ಕದಿಂದ ಕಳೆಯಬೇಕು. ಚಾರ್ಟಿನಲ್ಲಿ 40 ಎಂದಿದ್ದರೆ ನಿಜಕ್ಕೂ ಬಂದದ್ದು 10 ಮಾತ್ರ, ಇದನ್ನು ಕಳೆಯದೆ ಡ್ರೈನನ್ನು ವಾರಗಟ್ಟಲೆ ಇಟ್ಟುಕೊಂಡವರಿದ್ದಾರೆ. ದಿನಕ್ಕೆ 10 ಮಿ.ಲೀ.ಗಿಂತ ಕಡಿಮೆ ಎರಡು ದಿನ ಸತತ ಬಂದು, ಜ್ವರವಿಲ್ಲದೆ, ಸ್ಕ್ಯಾನಿನಲ್ಲಿ ಗುಳಿ ಮುದುಡಿದ್ದರೆ ತೆಗೆಯುತ್ತೇವೆ. ತೆಗೆಯುವಾಗ ಒಳಗಿನ ಸುರುಳಿಯನ್ನು ಹಿಡಿದಿಟ್ಟ ದಾರವನ್ನು ಮೊದಲು ಸಡಿಲಿಸಬೇಕು, ಇಲ್ಲದಿದ್ದರೆ ಅಂಗಾಂಶ ಹರಿಯುತ್ತದೆ.

ಹರಿವು ಇದ್ದಕ್ಕಿದ್ದಂತೆ ನಿಂತು ಜ್ವರ ಬಂದರೆ ಅದು ವಾಸಿಯಾದ ಲಕ್ಷಣವಲ್ಲ, ನಳಿಕೆ ಕಟ್ಟಿದೆ ಅಥವಾ ಜರುಗಿದೆ. ವಾರ ಕಳೆದರೂ ದಿನಕ್ಕೆ 50 ಮಿ.ಲೀ. ಮೇಲೆ ಬರುತ್ತಿದ್ದರೆ, ಬಣ್ಣ ಹಸಿರು ಇಲ್ಲವೇ ಮಲದಂತಾದರೆ, ಕರುಳಿಗೆ ನೇರ ಸಂಪರ್ಕವಿದೆ. ನಳಿಕೆಯೊಳಗೆ ಕಾಂಟ್ರಾಸ್ಟ್ ಬಿಟ್ಟು ನೋಡಿದರೆ ಸುರಂಗವೇ ಕಾಣುತ್ತದೆ. ಡ್ರೈನ್ ಜೊತೆ ಮನೆಗೆ ಹೋಗುವವರಿಗೆ ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ಚರ್ಮಕ್ಕೆ ಎರಡು ಕಡೆ ಪಟ್ಟಿ ಹಾಕಿರಲಿ, ಬಸ್ಸು ಆಟೋ ಹತ್ತುವಾಗ ನಳಿಕೆಗೆ ಒಂದು ಕೈ ಆಸರೆ ಇರಲಿ ಎಂದು ಮಾಡಿ ತೋರಿಸುತ್ತೇವೆ. ಫ್ಲಶ್ ಮಾಡುವುದನ್ನು ಮನೆಯವರಿಂದ ನಮ್ಮೆದುರೇ ಎರಡು ಸಲ ಮಾಡಿಸಿದ ಮೇಲೆಯೇ ಡಿಸ್ಚಾರ್ಜ್. ತಾಪ 100.4 ಡಿಗ್ರಿ ದಾಟಿದರೆ ಡೋಲೋ ನುಂಗುವ ಮೊದಲು ಫೋನ್ ಮಾಡಬೇಕು.

ಈಗ ಕ್ಷಯದ ಮಾತು, ನಮ್ಮ ದೇಶದಲ್ಲಿ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ತೆಗೆದ ಕೀವಿನಲ್ಲಿ ಒಂದು ಪಾಲು ಸಾಮಾನ್ಯ ಕಲ್ಚರ್‌ಗೆ, ಒಂದು ಪಾಲು ಗಾಳಿ ತೆಗೆದು ಮುಚ್ಚಿದ ಸಿರಿಂಜಿನಲ್ಲೇ ಅನಾರೋಬಿಕ್ (ಗಾಳಿಯಿಲ್ಲದೆ ಬೆಳೆಯುವ ರೋಗಾಣುಗಳ) ಕಲ್ಚರ್‌ಗೆ, ಮತ್ತೊಂದು ಪಾಲು ಕ್ಷಯದ ಸ್ಮಿಯರ್, ಸಿಬಿನ್ಯಾಟ್ (ಕ್ಷಯಾಣುವಿನ ಜೀನ್ ಪರೀಕ್ಷೆ) ಮತ್ತು ಕಲ್ಚರ್‌ಗೆ ಹೋಗಬೇಕು. ಯಾವುದನ್ನೂ ಫಾರ್ಮಲಿನ್‌ಗೆ ಹಾಕಬಾರದು. ಒಮ್ಮೆ ಹಾಕಿದರೆ ಕಲ್ಚರ್ ಕಥೆ ಮುಗಿಯಿತು, ಆ ಕೀವು ಮತ್ತೆ ಸಿಗುವುದಿಲ್ಲ. ಪ್ರೊಸೀಜರ್ ರೂಮಿನ ಟ್ರೇಯಲ್ಲಿ ಫಾರ್ಮಲಿನ್ ಡಬ್ಬಿ ಇಡದಿರುವುದೇ ಇದಕ್ಕೆ ಒಳ್ಳೆಯ ಉಪಾಯ. ಬಯಾಲಜಿಕ್ ಶುರುಮಾಡುವಾಗ ಕ್ಷಯದ ಸೋಂಕು ಹುಡುಕುವ ಮಾಂಟೂ (ಚರ್ಮದ ಪರೀಕ್ಷೆ), ಇಗ್ರಾ (ರಕ್ತಪರೀಕ್ಷೆ), ಎದೆಯ ಎಕ್ಸ್‌ರೇ ನೆಗೆಟಿವ್ ಇದ್ದವು ಎಂಬುದು ಇಂದಿನ ಕ್ಷಯವನ್ನು ತಳ್ಳಿಹಾಕುವುದಿಲ್ಲ. ಸ್ಟೆರಾಯ್ಡ್ ಮೇಲಿದ್ದಾಗ ಮಾಡಿದ ಆ ಪರೀಕ್ಷೆಗಳು ತಪ್ಪಾಗಿ ನೆಗೆಟಿವ್ ಬರಬಹುದು, ಸೋಂಕು ಆಮೇಲೆಯೂ ತಗುಲಿರಬಹುದು. ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ತಡೆಯುವ ಔಷಧದ (ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮ್ಯಾಬ್) ಮೇಲೆ ಬರುವ ಕ್ಷಯ ಶ್ವಾಸಕೋಶ ಬಿಟ್ಟು ಬೇರೆಡೆ ಕಾಣಿಸಿಕೊಳ್ಳುವುದು ಹೆಚ್ಚು. ಸೋಯಸ್ ಕೀವು ಕಂಡಾಗಲೆಲ್ಲ ಬೆನ್ನುಮೂಳೆಯನ್ನೂ ಅದೇ ಸ್ಕ್ಯಾನಿನಲ್ಲಿ ನೋಡಿಸುತ್ತೇನೆ. ನಡು ಕರಗಿದ ಲಿಂಫ್ ಗ್ರಂಥಿಗಳು ಕಂಡರೆ ಸಿಬಿನ್ಯಾಟ್ ನೆಗೆಟಿವ್ ಬಂದರೂ ನಂಬಿ ಕೂರುವುದಿಲ್ಲ, ಅಂಗಾಂಶ ತೆಗೆಸುತ್ತೇನೆ.

ಕ್ಷಯ ಖಚಿತವಾದರೆ ಟಿಎನ್‌ಎಫ್ ಔಷಧ ನಿಲ್ಲಿಸಿ, ಕ್ಷಯದ ಚಿಕಿತ್ಸೆ ಆರಂಭಿಸಿ, ಸರ್ಕಾರದ ಕ್ಷಯ ನೋಂದಣಿ ಜಾಲತಾಣವಾದ ನಿಕ್ಷಯ್‌ನಲ್ಲಿ ನೋಂದಾಯಿಸುತ್ತೇವೆ. 2012ರಿಂದ ಖಾಸಗಿ ವೈದ್ಯರಿಗೂ ಇದು ಕಡ್ಡಾಯ. ಔಷಧ ನಿಲ್ಲಿಸಿದ ಮೇಲೆ ದೇಹದ ಪ್ರತಿರೋಧ ಮರಳಿ ಎದ್ದು, ಗ್ರಂಥಿಗಳು ಒಮ್ಮೆ ಊದಿ ಜ್ವರ ಹೆಚ್ಚಬಹುದು. ಅದನ್ನು ಕಂಡು ಚಿಕಿತ್ಸೆ ಸೋತಿತು ಎಂದು ಅವಸರಪಡಬಾರದು. ಮತ್ತೆ ಬಯಾಲಜಿಕ್ ಬೇಕೇಬೇಕಾದರೆ ಕನಿಷ್ಠ 2 ತಿಂಗಳು ಕ್ಷಯದ ಚಿಕಿತ್ಸೆ ಮುಗಿದಿರಬೇಕು. ಆಗ ನನ್ನ ಒಲವು ಟಿಎನ್‌ಎಫ್ ಮುಟ್ಟದ ವೆಡೊಲಿಝುಮ್ಯಾಬ್ ಅಥವಾ ಉಸ್ಟೆಕಿನುಮ್ಯಾಬ್ ಕಡೆಗೆ.

ಕೀವಿರುವ ಅವಧಿಯಲ್ಲಿ ತಡೆಹಿಡಿಯಬೇಕಾದದ್ದು ಬಯಾಲಜಿಕ್ ಒಂದನ್ನೇ ಅಲ್ಲ. ಅಜಥಯೋಪ್ರಿನ್, ಮೆಥೋಟ್ರೆಕ್ಸೇಟ್, ಟೋಫಾಸಿಟಿನಿಬ್‌ನಂಥ ಮಾತ್ರೆ, ಎಲ್ಲಕ್ಕೂ ಬಿಡುವು. ಟೋಫಾಸಿಟಿನಿಬ್ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ದೇಹದಿಂದ ಹೋಗುತ್ತದೆ. ಇನ್‌ಫ್ಲಿಕ್ಸಿಮ್ಯಾಬ್ ಹಾಗಲ್ಲ, ಅರ್ಧದಷ್ಟು ಇಳಿಯಲಿಕ್ಕೇ 8ರಿಂದ 10 ದಿನ. ಅಡಾಲಿಮ್ಯಾಬ್‌ಗೆ ಸುಮಾರು 2 ವಾರ. ಹೋದ ವಾರ ಡ್ರಿಪ್ ಹಾಕಿಸಿಕೊಂಡವರು ಇಂದು ಕೀವಿನೊಂದಿಗೆ ಬಂದರೆ ಅವರ ಮೈಯಲ್ಲಿ ಔಷಧ ಇದ್ದೇ ಇದೆ ಎಂದು ತಿಳಿದೇ ನೋಡಿಕೊಳ್ಳಬೇಕು. ಸ್ಟೆರಾಯ್ಡನ್ನು ಮಾತ್ರ ದಿಢೀರನೆ ನಿಲ್ಲಿಸಬಾರದು. 3 ವಾರಕ್ಕಿಂತ ಹೆಚ್ಚು ತೆಗೆದುಕೊಂಡವರ ಅಡ್ರಿನಲ್ ಗ್ರಂಥಿ ಮಲಗಿರುತ್ತದೆ, ಸೋಂಕಿನ ಹೊಡೆತಕ್ಕೆ ರಕ್ತದೊತ್ತಡ ಕುಸಿಯುತ್ತದೆ. ಅಂಥವರಿಗೆ ಹೈಡ್ರೊಕಾರ್ಟಿಸೋನ್ ರಕ್ಷಣೆ ಕೊಟ್ಟು, ಕೀವು ಹೊರಬಂದ ಮೇಲೆ ಪ್ರೆಡ್ನಿಸೊಲೋನನ್ನು ವಾರಕ್ಕೆ 5ರಿಂದ 10 ಮಿ.ಗ್ರಾಂ.ನಂತೆ ಇಳಿಸುತ್ತೇನೆ.

ಔಷಧವಿಲ್ಲದ ಈ ವಾರಗಳಲ್ಲಿ ಕರುಳನ್ನು ಕಾಯುವುದು ಆಹಾರ. ಪಾಲಿಮೆರಿಕ್ ಫಾರ್ಮುಲಾವನ್ನೇ (ಎಲ್ಲ ಪೋಷಕಾಂಶವಿರುವ, ಕುಡಿಯುವ ಸಿದ್ಧ ಆಹಾರ) ಪೂರ್ಣ ಆಹಾರವಾಗಿ 4ರಿಂದ 6 ವಾರ ಕೊಟ್ಟರೆ ಉರಿಯೂತ ಇಳಿಯುತ್ತದೆ, ಶಸ್ತ್ರಕ್ರಿಯೆಗೆ ಹೋಗುವವರ ಸ್ಥಿತಿಯೂ ಸುಧಾರಿಸುತ್ತದೆ. ದಿನಕ್ಕೆ ಕೆ.ಜಿ. ತೂಕಕ್ಕೆ 30 ಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೋಟೀನ್. 50 ಕೆ.ಜಿ.ಯವರಿಗೆ, ಮಿ.ಲೀ.ಗೆ 1 ಕ್ಯಾಲೊರಿಯ ಫಾರ್ಮುಲಾ ಒಂದೂವರೆ ಲೀಟರ್. ಅದನ್ನೇ ಕುಡಿಯಲಾರೆ ಎನ್ನುವವರಿಗೆ ಅರ್ಧ ಫಾರ್ಮುಲಾ, ಉಳಿದದ್ದು ಸೋಸಿದ ರಾಗಿ ಗಂಜಿ, ಮೆತ್ತಗಿನ ಮೊಸರನ್ನ, ಬೇಯಿಸಿದ ಮೊಟ್ಟೆ. ಸೊಪ್ಪು, ಸಿಪ್ಪೆಯಿರುವ ಕಾಳು, ಹಲಸು ಈಗ ಬೇಡ, ಕಿರಿದಾದ ಜಾಗದಲ್ಲಿ ನಾರು ಸಿಕ್ಕಿಕೊಳ್ಳುತ್ತದೆ. ತಿಂಗಳುಗಟ್ಟಲೆ ಊಟ ಬಿಟ್ಟು ಬಡವಾದವರಿಗೆ ಒಂದೇ ದಿನ ಪೂರ್ತಿ ಅಳತೆ ಕೊಟ್ಟರೆ ಫಾಸ್ಫೇಟ್, ಪೊಟ್ಯಾಷಿಯಂ ಕುಸಿದು ಹೃದಯಕ್ಕೇ ತೊಂದರೆ. ಮೊದಲು ಥಯಮಿನ್ ಕೊಟ್ಟು, ಕಾಲು ಭಾಗದಿಂದ ಶುರುಮಾಡಿ, 4ರಿಂದ 5 ದಿನದಲ್ಲಿ ಏರಿಸಬೇಕು. ಸಿಗರೇಟ್ ಸೇದುವವರಿಗೆ ಇದನ್ನು ಬಿಡಿಸುವ ಸಮಯವೂ ಇದೇ.

ಔಷಧ ಮತ್ತೆ ಯಾವಾಗ? ಜ್ವರ ಹೋಗಿ, ಸಿಆರ್‌ಪಿ ಸತತ ಇಳಿಯುತ್ತಿದ್ದು, ಗುಳಿ ಮುಚ್ಚಿದ್ದು ಸ್ಕ್ಯಾನಿನಲ್ಲಿ ಕಂಡರೆ, ಸಾಮಾನ್ಯವಾಗಿ ಕೀವು ತೆಗೆದ 2ರಿಂದ 4 ವಾರಕ್ಕೆ ಶುರುಮಾಡುತ್ತೇನೆ. ಕ್ಯಾಲೆಂಡರ್ ನೋಡಿ ಅಲ್ಲ, ಸ್ಕ್ಯಾನ್ ನೋಡಿ. ಆದರೆ ಬಿಡುವು ತನ್ನಷ್ಟಕ್ಕೆ ಬೆಳೆಯಲು ಬಿಡಬಾರದು. ಇನ್‌ಫ್ಲಿಕ್ಸಿಮ್ಯಾಬ್ ಕೊನೆಯ ಡೋಸಿನಿಂದ 4 ತಿಂಗಳು ದಾಟಿದರೆ ಅದರ ವಿರುದ್ಧ ಆಂಟಿಬಾಡಿ ಬೆಳೆದು, ಮುಂದಿನ ಡ್ರಿಪ್‌ನಲ್ಲಿ ಅಲರ್ಜಿ ಬರುವ ಸಾಧ್ಯತೆ ಹೆಚ್ಚು. ದುಡ್ಡಿನ ತೊಂದರೆಗೆ ಡೋಸ್ ಮುಂದೂಡಿದವರಲ್ಲೂ ಇದೇ ಆಗುವುದು. ಆದ್ದರಿಂದ ಮುಂದಿನ ಸ್ಕ್ಯಾನ್ ದಿನಾಂಕ ಡಿಸ್ಚಾರ್ಜ್ ಸಮ್ಮರಿಯಲ್ಲೇ ಬರೆದಿರಬೇಕು.

ಕೀವು ಕಂಡ ದಿನವೇ ತೆಗೆದಿಟ್ಟ ರಕ್ತದ ಔಷಧಮಟ್ಟ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಡೋಸಿಗೆ ಮುಂಚಿನ ಇನ್‌ಫ್ಲಿಕ್ಸಿಮ್ಯಾಬ್ ಮಟ್ಟ ಮಿ.ಲೀ.ಗೆ 5 ಮೈಕ್ರೊಗ್ರಾಂಗಿಂತ ಕಡಿಮೆ ಇದ್ದು ಆಂಟಿಬಾಡಿ ಇಲ್ಲದಿದ್ದರೆ ಔಷಧ ಸಾಲಲಿಲ್ಲ ಎಂದರ್ಥ, ಅಳತೆ ಹೆಚ್ಚಿಸಿ ಅಥವಾ ಅಂತರ ತಗ್ಗಿಸಿ ಅದನ್ನೇ ಮುಂದುವರಿಸಬಹುದು. ಆಂಟಿಬಾಡಿ ಜಾಸ್ತಿ ಇದ್ದರೆ ಔಷಧ ಬದಲಿಸಬೇಕು. ಮಟ್ಟ ಚೆನ್ನಾಗಿದ್ದೂ ಕೀವು ಕಟ್ಟಿದರೆ ನಾನು ಕಿರಿದಾದ ಜಾಗ ಹುಡುಕುತ್ತೇನೆ. ಗಾಯದ ಕಲೆಯಿಂದ ಗಟ್ಟಿಯಾದ ಕರುಳು ಯಾವ ಬಯಾಲಜಿಕ್‌ಗೂ ಅಗಲವಾಗುವುದಿಲ್ಲ. ಅದರ ಹಿಂದೆ ಸುರಂಗ, ಅದರ ಪಕ್ಕ ಕೀವು, ಮತ್ತೆ ಮತ್ತೆ. ಅಂಥ ರೋಗಿಗೆ ಇನ್ನೊಂದು ಔಷಧ ಹುಡುಕುತ್ತಾ ವರ್ಷ ಕಳೆಯುವುದಕ್ಕಿಂತ, ಆ ತುಂಡು ಕರುಳನ್ನು ತೆಗೆಸುವುದು ಮೇಲು. ಹಾಗೆಂದು ಕೀವಿರುವಾಗಲೇ ಓಟಿಗೆ ಒಯ್ದರೆ ಹೊಲಿಗೆ ಬಿಟ್ಟುಕೊಳ್ಳುವ, ಹೊಟ್ಟೆ ಮೇಲೆ ಸ್ಟೋಮಾ (ಮಲ ಹೊರಹೋಗಲು ತೆರೆದ ಬಾಯಿ) ಇಡಬೇಕಾಗುವ ಸಂಭವ ಹೆಚ್ಚು. ಡ್ರೈನ್, ಆಹಾರ, ಸ್ಟೆರಾಯ್ಡ್ ಇಳಿಕೆ ಎಲ್ಲ ಮುಗಿಸಿ ಸುಮಾರು 6 ವಾರಕ್ಕೆ, ರಕ್ತದ ಪ್ರೋಟೀನ್ ಆಲ್ಬುಮಿನ್ ಡೆಸಿಲೀಟರಿಗೆ 3 ಗ್ರಾಂ ಮೇಲೆ ಬಂದಾಗ ಸರ್ಜನ್‌ಗೆ ಒಪ್ಪಿಸುತ್ತೇನೆ.

ಗುದದ್ವಾರದ ಬಳಿಯ ಕೀವಿನ ಹಾದಿ ಬೇರೆ. ಇಲ್ಲಿ ಎಲ್ಲವನ್ನೂ ಜನ 'ಪೈಲ್ಸ್' ಎನ್ನುತ್ತಾರೆ, ಬೋರ್ಡ್ ನೋಡಿ ಒಳಗೆ ಹೋಗುತ್ತಾರೆ, ಭಗಂದರಕ್ಕೆ (ಗುದದ ಬದಿಯ ಸುರಂಗ) ಕ್ಷಾರಸೂತ್ರ, ಅಂದರೆ ಔಷಧ ಸವರಿದ ಆಯುರ್ವೇದದ ದಾರ, ಕಟ್ಟಿಸಿಕೊಂಡೂ ಬರುತ್ತಾರೆ. ಸಾಮಾನ್ಯ ಭಗಂದರದ ಮಾತು ಬೇರೆ. ಕ್ರೋನ್ಸ್ ಇರುವವರಲ್ಲಿ ಸ್ನಾಯುವನ್ನು ನಿಧಾನವಾಗಿ ಕೊಯ್ಯುವ ಯಾವ ದಾರವೂ ಬೇಡ. ಗಾಯ ಮಾಯುವುದಿಲ್ಲ, ಮಲದ ಹಿಡಿತ ಹೋಗಬಹುದು. ನಮಗೆ ಬೇಕಾದದ್ದು ಸಡಿಲ ಸೆಟಾನ್: ಮೆತ್ತಗಿನ ಸಿಲಿಕಾನ್ ಪಟ್ಟಿ, ಹಾದಿಯ ಎರಡೂ ಬಾಯಿ ತೆರೆದಿಡಲು ಮಾತ್ರ. ಬೆರಳಲ್ಲಿ ಹಿಡಿದರೆ ಸಲೀಸಾಗಿ ತಿರುಗಬೇಕು, ಬಿಗಿಯಿದ್ದರೆ ಅದು ಕೊಯ್ಯುತ್ತಿದೆ. ಮೊದಲು ಪೆಲ್ವಿಸ್ ಎಂಆರ್‌ಐ, ಆಮೇಲೆ ಅರಿವಳಿಕೆ ಕೊಟ್ಟು ಪರೀಕ್ಷೆ, ಅದೇ ಹೊತ್ತಿಗೆ ಕೀವು ತೆಗೆದು ಸೆಟಾನ್. ತೀವ್ರ ನೋವಿದ್ದು ಹಾಸಿಗೆ ಮೇಲೆ ಕೂರಲೂ ಆಗದವರಿಗೆ ಎಂಆರ್‌ಐ ಸರದಿಗೆ ಕಾಯದೆ ಕೀವು ತೆಗೆಸುತ್ತೇನೆ. ದಾರಿ ತೆರೆದಿರುವುದರಿಂದ ಇಲ್ಲಿ ಬಯಾಲಜಿಕ್ ಬೇಗ, ಒಂದೆರಡು ವಾರದಲ್ಲೇ ಶುರುಮಾಡಬಹುದು. ಔಷಧಮಟ್ಟ ಮಾತ್ರ 10ರ ಮೇಲೆ ಇರಬೇಕು, ಕರುಳಿಗೆ ಸಾಲುವ ಮಟ್ಟ ಇಲ್ಲಿ ಸಾಲದು. ಮೊದಲ ಮೂರು ಡೋಸ್, ಅಂದರೆ 0, 2, 6ನೇ ವಾರ ಮುಗಿದು ಸ್ರಾವ ನಿಲ್ಲುವವರೆಗೆ ಸೆಟಾನ್ ತೆಗೆಯುವುದಿಲ್ಲ. ಉಗುರುಬೆಚ್ಚಗಿನ ಬರೀ ನೀರಿನಲ್ಲಿ ದಿನಕ್ಕೆ 2ರಿಂದ 3 ಸಲ 10 ನಿಮಿಷ ಕೂರಬೇಕು, ಡೆಟಾಲ್ ಹಾಕಬಾರದು.

ಇಷ್ಟೆಲ್ಲ ಆದ ಮೇಲೆ, ಪ್ರತಿ ಡ್ರಿಪ್ ದಿನ ಬಾಟಲಿಗೆ ಔಷಧ ಬೆರೆಸುವ ಮುಂಚೆ ನಮ್ಮ ಸಿಸ್ಟರ್ ನಾಲ್ಕು ಕೆಲಸ ಮಾಡುತ್ತಾರೆ: ತಾಪ ನೋಡುತ್ತಾರೆ, ಕಳೆದ 24 ಗಂಟೆಯಲ್ಲಿ ಜ್ವರದ ಮಾತ್ರೆ ನುಂಗಿದ್ದೀರಾ ಎಂದು ಕೇಳುತ್ತಾರೆ, ಕುರ್ಚಿಯಲ್ಲಿ ನೇರ ಕೂತರೆ ನೋವಾಗುತ್ತದೆಯೇ ಎಂದು ಕೇಳುತ್ತಾರೆ, ಹೊಸ ಸಿಆರ್‌ಪಿಯನ್ನು ಹಿಂದಿನದರ ಪಕ್ಕ ಬರೆಯುತ್ತಾರೆ. ಇನ್‌ಫ್ಲಿಕ್ಸಿಮ್ಯಾಬ್ ವಯಲ್ 100 ಮಿ.ಗ್ರಾಂ.ನದು, ಕೆ.ಜಿ.ಗೆ 5 ಮಿ.ಗ್ರಾಂ.ನಂತೆ 60 ಕೆ.ಜಿ.ಯವರಿಗೆ ಮೂರು ವಯಲ್. ಬೆರೆಸಿಬಿಟ್ಟರೆ ಅಷ್ಟು ದುಬಾರಿ ಔಷಧ ವ್ಯರ್ಥವಾದೀತೆಂದು ಕೊಟ್ಟುಬಿಡುವ ಒತ್ತಡ ಎಲ್ಲರ ಮೇಲೂ ಬೀಳುತ್ತದೆ. ಅದಕ್ಕೇ ನಾಲ್ಕರಲ್ಲಿ ಒಂದು ಸರಿಯಿಲ್ಲದಿದ್ದರೂ ವಯಲ್ ಫ್ರಿಜ್‌ನಲ್ಲೇ ಉಳಿಯುತ್ತದೆ, ಅಂದೇ ಅಲ್ಟ್ರಾಸೌಂಡ್ ಆಗುತ್ತದೆ.